ನೀರು ಚೆಲ್ಲಿದರೂ ಹೋಗದ್ದು

ಕಲಬುರಗಿಯ ಸೇಡಂ ರಸ್ತೆಯಲ್ಲಿ ಇನ್ನೂ ಆಟೋಗಳ ಗದ್ದಲ ಶುರುವಾಗಿಲ್ಲ. ಔಷಧಿ ಅಂಗಡಿಗಳ ಶಟರುಗಳೆಲ್ಲ ಕೆಳಗೇ ಇವೆ. ದೊಡ್ಡ ಆಸ್ಪತ್ರೆಗಳ ಬೆನ್ನಿಗಿರುವ ಓಣಿಯೊಂದರಲ್ಲಿ, ದಾನಿಗಳ ನೆರವಿನಿಂದ ನಡೆಯುವ ಪುಟ್ಟ ಡಯಾಲಿಸಿಸ್ ಕೇಂದ್ರದ ಬೀಗ ತೆಗೆದು ಸುಜಾತಾ ಒಳಗೆ ಕಾಲಿಡುತ್ತಾರೆ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದಾರೆ, ಕಣ್ಣಲ್ಲಿನ್ನೂ ನಿದ್ದೆಯಿದೆ. ಹಿಂದಿನ ಕೋಣೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರದ ಗುಂಡಿ ಒತ್ತಿ, ಅದರ ಸದ್ದಿಗೆ ಕಿವಿಗೊಟ್ಟು ಸುಮ್ಮನೆ ನಿಲ್ಲುತ್ತಾರೆ. ಸದ್ದು ಸರಿಯಿದೆ ಅನ್ನಿಸಿದ ಮೇಲೆಯೇ ಹೆಗಲ ಬ್ಯಾಗು ಕೆಳಗಿಡುತ್ತಾರೆ.

ಒಳಗೆ ಎಂಟು ಯಂತ್ರ, ಎಂಟು ಮಂಚ. ಒಂದೊಂದು ಯಂತ್ರಕ್ಕೂ ಕೊಳವೆ ಜೋಡಿಸಿ, ಸಲೈನ್ ಹರಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಓಡಿಸುತ್ತಾರೆ. ಕ್ಯಾಮೆರಾ ಎತ್ತಿದರೆ ಮುಖ ತಿರುಗಿಸಿ, "ನನ್ನ ಫೋಟೋ ಹಚ್ಚಿ ಏನ್ ಮಾಡ್ತೀರಿ ಸರ್? ಇಲ್ಲಿ ಬರೋ ಮಂದೀದು ಬರೀರಿ" ಎನ್ನುತ್ತಾರೆ. ಬರೆಯಲು ಹೋದವರಿಗೆ ಈ ಮಾತು ಹೊಸದಲ್ಲ, ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ಸುಜಾತಾ ಅವರದು ಸಂಕೋಚವಲ್ಲ. ಹೊಗಳಿಕೆ ಕಿವಿಗೆ ಬಿದ್ದರೆ ಬಿಸಿನೀರು ಸೋಕಿದವರಂತೆ ಹಿಂದೆ ಸರಿಯುತ್ತಾರೆ. ಅದರ ಕಾರಣ ತಿಳಿಯಲು ಅರ್ಧ ದಿನ ಹಿಡಿಯಿತು. ತಿಳಿದ ಮೇಲೆ ಹೊಗಳುವ ಧೈರ್ಯ ಉಳಿಯಲಿಲ್ಲ.

ಮೊದಲ ಪಾಳಿಯವರು ಬರತೊಡಗುತ್ತಾರೆ. ಮಂಚ ಹತ್ತುವ ಮೊದಲು ಎಲ್ಲರೂ ತೂಕದ ಯಂತ್ರ ಹತ್ತಬೇಕು. ಕಿಡ್ನಿ ಕೈಕೊಟ್ಟವರಿಗೆ ಕುಡಿದ ನೀರು ಹೊರಹೋಗುವ ದಾರಿಯೇ ಇಲ್ಲ, ಎರಡು ದಿನದಲ್ಲಿ ಏರಿದ ತೂಕವೆಲ್ಲ ನೀರೇ. ಮುಳ್ಳು ಏರಿದ್ದು ನೋಡಿ ಸುಜಾತಾ ಹುಬ್ಬು ಹಾರಿಸುತ್ತಾರೆ.

"ಏನ್ ಕಾಕಾ, ಭೀಮಾ ನದಿ ಒಬ್ಬರೇ ಕುಡದು ಬಂದೀರೇನು?"

"ಬಿಸಲು ಭಾಳ ಅದಲ್ಲ ಯವ್ವಾ, ಏನ್ ಮಾಡ್ಲಿ" ಎಂದು ಆ ಮುದುಕರು ತಪ್ಪು ಮಾಡಿದ ಹುಡುಗರಂತೆ ನಗುತ್ತಾರೆ. ಅಕ್ಕಪಕ್ಕದವರೂ ನಗುತ್ತಾರೆ. ಆ ನಗು ಮುಗಿಯುವುದರೊಳಗೆ ಸುಜಾತಾ ಅವರ ಮುಖ ಬದಲಾಗಿರುತ್ತದೆ. ಸೂಜಿ ಚುಚ್ಚುವ ಮೊದಲು ಪ್ರತಿಯೊಬ್ಬರಿಗೂ ಅವರು ಕೇಳುವುದು ಒಂದಿದೆ. "ನಿನ್ನಿ ಏನೇನ್ ತಿಂದ್ರಿ? ಖರೇ ಹೇಳ್ರಿ. ಹಣ್ಣೇನರ ತಿಂದ್ರೇನು? ಕುದಿಸಿ ತಿಂದ್ರೇನು?"

ಕೊನೆಯ ಪ್ರಶ್ನೆ ಕೇಳಿ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಣ್ಣನ್ನು ಯಾರಾದರೂ ಕುದಿಸಿ ತಿನ್ನುತ್ತಾರೆಯೇ? ತಿನ್ನುತ್ತಾರೆ. ಸುಜಾತಾ ಅವರ ತಂದೆ ಪೀರಪ್ಪ ಕಳೆದ ಮಳೆಗಾಲದಲ್ಲಿ ತಿಂದರು, ಮರುದಿನ ಬೆಳಿಗ್ಗೆ ತೀರಿಕೊಂಡರು. ಕುದಿಸಿ ಕೊಟ್ಟವರು ತಾಯಿ ಶಿವಕಾಂತಮ್ಮ. ಕುದಿಸುವುದನ್ನು ಕಲಿಸಿದವರು ಸುಜಾತಾ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಎನ್ನುವುದೊಂದೇ ಈಗ ಅವರನ್ನು ದಿನಾ ಬೆಳಗಿನ ಬಸ್ಸಿಗೆ ಹತ್ತಿಸುತ್ತಿದೆ. ಆಗದಂತೆ ತಡೆಯಬಲ್ಲೆ ಎಂಬ ನಂಬಿಕೆ ಮಾತ್ರ ಅವರಿಗಿಲ್ಲ.

ಪೀರಪ್ಪ ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ನೀರು ಕಟ್ಟುತ್ತಿದ್ದವರು. ಸ್ವಂತ ಭೂಮಿ ಗೇಣಷ್ಟೂ ಇಲ್ಲ. ಕರೆಂಟು ಬಂದಾಗ ಮೋಟಾರು ಹಾಕುವುದು, ಮಡಿಗೆ ನೀರು ತಿರುವುವುದು, ಬುಡ ಹಸಿಯಾದ ಕೂಡಲೇ ಮಣ್ಣೆಳೆದು ಬಾಯಿ ಮುಚ್ಚಿ ಮುಂದಿನ ಮಡಿಗೆ ಹೋಗುವುದು. ಹರೆಯದಿಂದ ಮುಪ್ಪಿನವರೆಗೆ ಅದೇ ಕೆಲಸ. ಬಾಗಿ ಬಾಗಿ ನಡ ಹಿಡಿಯಿತು. ಕಿರಾಣಿ ಅಂಗಡಿಯಲ್ಲೂ ಸಿಗುವ ನೋವಿನ ಗುಳಿಗೆಗಳನ್ನು ಕಡ್ಲೆ ನುಂಗಿದ ಹಾಗೆ ನುಂಗುತ್ತಾ ವರ್ಷಗಟ್ಟಲೆ ದುಡಿದರು. ಮನೆಯ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು ಓದಿದ ಮಗಳು ಡಯಾಲಿಸಿಸ್ ಡಿಪ್ಲೊಮಾ ಮುಗಿಸಿ ಬಿಳಿ ಕೋಟು ತೊಟ್ಟ ದಿನ ಓಣಿಗೆಲ್ಲ ಪೇಢೆ ಹಂಚಿದ್ದರು. ವಿಧಿಯ ಕುಚೋದ್ಯ ನೋಡಿ, ಕೆಲವೇ ವರ್ಷಗಳಲ್ಲಿ ಅದೇ ಮಗಳ ಮುಂದೆ ತೋಳು ಚಾಚಿ ಮಲಗಬೇಕಾಯಿತು. ಗುಳಿಗೆಗಳು ಎರಡೂ ಕಿಡ್ನಿಗಳನ್ನು ತಿಂದು ಹಾಕಿದ್ದವು.

"ಮೊದಲನೇ ಸಲ ಸೂಜಿ ಕೆಳಗಿಟ್ಟುಬಿಟ್ಟೆರಿ" ಎನ್ನುತ್ತಾರೆ ಸುಜಾತಾ. "ಬ್ಯಾರೆ ಯಾರರ ಚುಚ್ಚಲಿ ಅಂದೆ. ಅಪ್ಪ ಕೇಳ್ಲಿಲ್ಲ. 'ಚುಚ್ಚು ಮಗಳ, ಸಣ್ಣಾಕಿ ಇದ್ದಾಗ ನಿನ್ನ ಕಾಲಾಗಿನ ಮುಳ್ಳು ನಾನು ತಗದಿಲ್ಲೇನು' ಅಂದ. ಅವತ್ತಿನಿಂದ ಅಪ್ಪನ ಕೈ ನಾನೇ ಹಿಡದೆ."

ಸೋಮವಾರ, ಬುಧವಾರ, ಶುಕ್ರವಾರ ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ನಾಲ್ಕು ತಾಸು ಮಂಚದ ಮೇಲೆ ಮಲಗಿ ಯಂತ್ರವನ್ನೇ ನೋಡುತ್ತಿದ್ದ ಪೀರಪ್ಪ ಒಂದು ದಿನ ಕೇಳಿದರಂತೆ, ಇಷ್ಟು ದೊಡ್ಡ ಯಂತ್ರ ತಿಣುಕಾಡಿ ಮಾಡುವ ಕೆಲಸವನ್ನು ಮುಷ್ಟಿಯಷ್ಟು ಕಿಡ್ನಿ ಹೇಗೆ ಮಾಡುತ್ತಿತ್ತು ಎಂದು. ನೀರು ಕಟ್ಟುವವರಿಗೆ ತಿಳಿಯುವ ಹಾಗೆ ಮಗಳು ಉತ್ತರ ಕೊಟ್ಟರು.

"ಅಪ್ಪಾ, ಇಳಿಜಾರಿಗಿ ನೀರು ತಾನೇ ಹೋಗ್ತದ. ಏರಿಗಿ ಹತ್ತಿಸಬೇಕಂದ್ರ?"

"ಮೋಟಾರ್ ಬೇಕು. ಕರೆಂಟ್ ಬೇಕು."

"ನಿನ್ನ ಮೈಯಾಗ ಒಂದೊಂದು ಜೀವಕೋಶಕ್ಕೂ ಅಂಥಾ ಮೋಟಾರ್ ಅದಾವ."

ಅದು ಬರೀ ಸಮಾಧಾನದ ಮಾತಲ್ಲ. ಪ್ರತಿ ಜೀವಕೋಶದ ಸುತ್ತ ಒಂದು ತೆಳು ಪೊರೆ. ಪೊರೆಯ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ. ಹಾಗೇ ಬಿಟ್ಟರೆ ಎರಡೂ ತಮ್ಮ ಪಾಡಿಗೆ ಜಾರಿ, ಒಳಗೂ ಹೊರಗೂ ಒಂದೇ ಸಮ ಆಗಿಬಿಡುತ್ತವೆ. ಸಮ ಆದ ಕೋಶ ಸತ್ತಂತೆ. ಹಾಗಾಗದಿರಲೆಂದು ಪೊರೆಯಲ್ಲಿ ಕೂತ ಪಂಪುಗಳು ಹಗಲೂ ರಾತ್ರಿ ಒಂದೊಂದು ಸಲಕ್ಕೆ ಮೂರು ಸೋಡಿಯಂ ಹೊರಗೆ ದಬ್ಬಿ, ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತವೆ. ತುಂಬಿದ ಕಡೆಗೇ ಮತ್ತೆ ತುಂಬುವ ಕೆಲಸವಿದು, ಪುಕ್ಕಟೆ ಆಗುವುದಿಲ್ಲ. ತಿಂದ ರೊಟ್ಟಿಯಿಂದ ಕೋಶವು ತಯಾರಿಸಿಕೊಂಡ ಎಟಿಪಿ ಎಂಬ ಇಂಧನ ಪ್ರತಿ ಸಲವೂ ಸುಡಬೇಕು. ಏನೂ ಮಾಡದೆ ಕಾಲು ಚಾಚಿ ಮಲಗಿದವನ ಮೈಯ ಶಕ್ತಿಯಲ್ಲೂ ಹೆಚ್ಚುಕಡಿಮೆ ಕಾಲುಭಾಗ ಈ ಪಂಪುಗಳ ಪಾಲಿಗೆ ಹೋಗುತ್ತದೆ. ಸೋಮಾರಿ ಎಂದು ಯಾರನ್ನಾದರೂ ಬೈಯುವ ಮೊದಲು ಇದನ್ನು ನೆನೆಯಬೇಕು.

ಕಿಡ್ನಿ ನಡೆಯುವುದೂ ಇಂಥ ಪಂಪುಗಳ ಬಲದಿಂದಲೇ. ಬೇಕಾದದ್ದನ್ನು ಏರು ಹತ್ತಿಸಿ ಉಳಿಸಿಕೊಳ್ಳುತ್ತದೆ, ಬೇಡದ್ದನ್ನು ಹೊರಗೆ ನೂಕುತ್ತದೆ. ಡಯಾಲಿಸಿಸ್ ಯಂತ್ರದಲ್ಲೂ ಪೊರೆಯಿದೆ, ಆದರೆ ಅದು ಜೀವವಿಲ್ಲದ ಪೊರೆ. ರಕ್ತದಲ್ಲಿ ಜಾಸ್ತಿಯಿದ್ದದ್ದು ಕಡಿಮೆಯಿದ್ದ ಕಡೆಗೆ ಜಾರಿ ಹೋಗುತ್ತದೆ, ಅಷ್ಟೇ ಅದರ ಕಸುಬು. "ಮಷೀನಿಗಿ ಇಳಿಜಾರು ಒಂದೇ ಗೊತ್ತಪ್ಪಾ, ಏರು ಗೊತ್ತಿಲ್ಲ" ಎಂದು ಮಗಳು ಹೇಳಿದಾಗ ಪೀರಪ್ಪ, "ಅಂದ್ರ ನನ್ನ ಮೋಟಾರ್ ಸುಟ್ಟದ. ತೋಟದ್ದಾದ್ರ ವೈಂಡಿಂಗ್ ಮಾಡಿಸಿ ತರ್ತಿದ್ದೆ" ಎಂದರಂತೆ.

ಸುಟ್ಟ ಮೋಟಾರಿನ ಜೊತೆ ಬದುಕುವವರಿಗೆ ದೊಡ್ಡ ವೈರಿ ಪೊಟ್ಯಾಸಿಯಂ. ತಿಂದದ್ದರಲ್ಲಿನ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲೇ ಏರುತ್ತದೆ. ಕೋಶದ ಒಳಗು ಹೊರಗಿನ ನಡುವೆ ಇರಬೇಕಾದ ಏರು ತಗ್ಗು ಕಡಿಮೆಯಾದಂತೆ ಕಾಲಿನ ಬಲ ಹೋಗುತ್ತದೆ, ಎದೆಬಡಿತ ಎಡವುತ್ತದೆ, ಕೊನೆಗೆ ನಿಲ್ಲುತ್ತದೆ. ಕಾಯಿಪಲ್ಯ, ಹಣ್ಣು ಯಾವುದೂ ಇದರಿಂದ ಹೊರತಲ್ಲ. ಗಿಡದ ಕೋಶಗಳೂ ತಮ್ಮ ಶಕ್ತಿ ಸುಟ್ಟೇ ಮಣ್ಣಿನ ಪೊಟ್ಯಾಸಿಯಂ ಅನ್ನು ಬೇರಿನಿಂದ ಎಳೆದು ಒಳಗೆ ಕೂಡಿಟ್ಟಿರುತ್ತವೆ. ಬಾಳೆಯಂತೂ ಈ ವಿಷಯದಲ್ಲಿ ಮಹಾ ಲೋಭಿ. ಪೀರಪ್ಪ ಜೀವನವಿಡೀ ನೀರುಣಿಸಿದ್ದು ಆ ಲೋಭಿಗೆ.

ಅದಕ್ಕೇ ಸುಜಾತಾ ಬಂದವರಿಗೆಲ್ಲ ಒಂದು ಪಾಠ ಹೇಳುತ್ತಿದ್ದರು. ಕಾಯಿಪಲ್ಯ ಸಣ್ಣಗೆ ಹೆಚ್ಚಿ, ಬಹಳಷ್ಟು ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ. ಬೇಯುವಾಗ ಕೋಶಗಳ ಪೊರೆ ಹರಿದು, ಕೂಡಿಟ್ಟದ್ದರಲ್ಲಿ ಎಷ್ಟೋ ಭಾಗ ನೀರಿಗೆ ಬರುತ್ತದೆ. ಪಾಠ ಸರಿಯಾದದ್ದೇ. ಆದರೆ ಮನೆ ಮುಟ್ಟುವ ಹೊತ್ತಿಗೆ ಅದರಲ್ಲಿ ಉಳಿಯುತ್ತಿದ್ದದ್ದು ಎರಡೇ ಮಾತು, ಕುದಿಸ್ರಿ, ನೀರು ಚೆಲ್ರಿ.

"ಬಾಳೆಹಣ್ಣು ಬ್ಯಾಡ ಅಂತನೂ ಹೇಳಿದ್ದೆ" ಎನ್ನುತ್ತಾರೆ ಸುಜಾತಾ. "ಆದ್ರ ಬಟಾಟಿ, ಅದೇ ಆಲೂಗಡ್ಡಿ, ಅದೂ ಬ್ಯಾಡ ಅಂದಿದ್ದೆ. ಆಮ್ಯಾಲ ಕುದಿಸಿ ನೀರು ಚೆಲ್ಲಿದ್ರ ಬಟಾಟಿ ಥೋಡೆ ನಡೀತದ ಅಂದೆ. ನಮ್ಮವ್ವ ಹಣ್ಣಿಗೂ ಹಂಗೇ ತಿಳಕೊಂಡ್ಳು. ಆಕಿದೇನು ತಪ್ಪು ಹೇಳ್ರಿ?"

ಪೀರಪ್ಪ ನೀರು ಕಟ್ಟುತ್ತಿದ್ದ ತೋಟದಲ್ಲಿ ಒಂದು ಪದ್ಧತಿ ಇತ್ತು. ಹಂಗಾಮಿನ ಮೊದಲ ಗೊನೆ ಹಣ್ಣಾದಾಗ ದೇವರ ಮುಂದಿಟ್ಟು, ಆಮೇಲೆ ನೀರು ಕಟ್ಟಿದವನ ಕೈಗೆ ಕೊಡುವುದು. ಅವನು ತಿಂದ ಮೇಲೆಯೇ ಉಳಿದ ಗೊನೆಗಳು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ದಾರಿ ಹಿಡಿಯಬೇಕು. ನೀರುಣಿಸಿದವನು ಬಾಯಿಗಿಡದಿದ್ದರೆ ಗಿಡ ಮುನಿಯುತ್ತದೆ ಎಂದು ತೋಟದವರ ನಂಬಿಕೆ. ಪೀರಪ್ಪ ಕೆಲಸ ಬಿಟ್ಟ ಮೇಲೂ ತೋಟದವರು ಆ ಮರ್ಯಾದೆ ಬಿಡಲಿಲ್ಲ. ಆ ಭಾನುವಾರ ಬುಟ್ಟಿಯಲ್ಲಿ ಹಣ್ಣು ಬಂದಾಗ ಸುಜಾತಾ ಮನೆಯಲ್ಲಿರಲಿಲ್ಲ. ಶರಣಸಿರಸಗಿಯಲ್ಲಿ ನೆಂಟರ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದವರು ಮರಳಿದ್ದು ರಾತ್ರಿ ತಡವಾಗಿ.

ಪೀರಪ್ಪ ಹಣ್ಣನ್ನು ಮೂಸಿ ಕೆಳಗಿಟ್ಟರಂತೆ. ಮತ್ತೆ ಎತ್ತಿ ಮೂಸಿದರಂತೆ. ಗಂಡನ ಆ ಆಸೆ ನೋಡಲಾಗದೆ ಶಿವಕಾಂತಮ್ಮ, "ತಡೀರಿ, ಮಗಳು ಹೇಳ್ಯಾಳಲ್ಲ, ಕುದಿಸಿ ಕೊಡ್ತೀನಿ" ಎಂದರು. ಸುಲಿದು ಕುದಿಸಿದರೆ ಹಣ್ಣು ಕರಗಿ ಹೋಗುತ್ತದೆ ಎಂದು ಸಿಪ್ಪೆ ಸಮೇತ ಪಾತ್ರೆಗೆ ಹಾಕಿದರು. ಚೆನ್ನಾಗಿ ಕುದಿಸಿ, ನೀರನ್ನು ಅಂಗಳದಾಚೆ ಒಯ್ದು ಚೆಲ್ಲಿ ಬಂದರು. ಚೆಲ್ಲಿದ ನೀರಿನಲ್ಲಿ ಹೆಚ್ಚೇನೂ ಇರಲಿಲ್ಲ, ಪೊಟ್ಯಾಸಿಯಂ ಎಲ್ಲ ಸಿಪ್ಪೆಯ ಒಳಗಿನ ಹಣ್ಣಿನಲ್ಲೇ ಉಳಿದಿತ್ತು. ಶುಕ್ರವಾರದ ಡಯಾಲಿಸಿಸ್ ಆಗಿ ಎರಡು ದಿನ ಕಳೆದಿತ್ತು, ರಕ್ತದಲ್ಲಿ ಮೊದಲೇ ಸಾಕಷ್ಟು ಕೂಡಿತ್ತು. ಪೀರಪ್ಪ ನಾಲ್ಕೈದು ಹಣ್ಣು ತಿಂದು, ಬಹಳ ದಿನದ ಮೇಲೆ ಹೊಟ್ಟೆ ತುಂಬಿತು ಎಂದು ಮಲಗಿದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಅವರ ಕಾಲು ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಕಂಡಕ್ಟರ್ ರಟ್ಟೆ ಹಿಡಿದು ಮೇಲೆ ಎಳೆದುಕೊಂಡರು. ನಿದ್ದೆಗಣ್ಣಿನಲ್ಲಿದ್ದ ಸುಜಾತಾ ಅದನ್ನು ಮುಪ್ಪಿನ ಆಯಾಸ ಎಂದುಕೊಂಡರು. ಅರ್ಧ ದಾರಿಯಲ್ಲಿ ತಂದೆ, "ಸುಜಿ, ಕಾಲು ನನ್ನವಲ್ಲ ಅನಸ್ತಾವ, ನಾಲಿಗಿ ಜುಮ್ ಅನ್ನಾಕತ್ತದ" ಎಂದಾಗ ನಿದ್ದೆಯೆಲ್ಲ ಹಾರಿತು. ನಾಡಿ ಹಿಡಿದರು. ನಾಡಿ ಒಂದು ಸಲ ಬರುತ್ತದೆ, ಆಮೇಲೆ ಕಾಯಿಸುತ್ತದೆ. ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಯಾವ ಸೂಜಿ ಬೇಕೆಂದೂ ಗೊತ್ತಿತ್ತು. ಸೂಜಿ ಕಲಬುರಗಿಯಲ್ಲಿತ್ತು, ಅಪ್ಪ ಬಸ್ಸಿನಲ್ಲಿದ್ದರು. ಡ್ರೈವರ್ ಎಲ್ಲೂ ನಿಲ್ಲಿಸದೆ ಓಡಿಸಿದರು, ಪಾಪ. ಊರು ಕಾಣುವ ಮೊದಲೇ ಪೀರಪ್ಪ ಮಗಳ ಭುಜಕ್ಕೆ ಒರಗಿದ್ದರು.

ಏಕೆ ಹೀಗಾಯಿತು ಎಂದು ಸುಜಾತಾ ಅವರಿಗೆ ತಿಳಿದದ್ದು ಮಣ್ಣು ಮಾಡಿ ಬಂದ ಮೇಲೆ. ಅಳುತ್ತಾ ಕೂತ ಹೆಂಗಸರ ನಡುವೆ ಶಿವಕಾಂತಮ್ಮ ಕಣ್ಣೊರೆಸಿಕೊಂಡು, "ಹೋಗೋ ಮುಂದ ಬಾಯಿ ಆಸೆ ಒಂದರ ತೀರ್ತು ಅವರ್ದು. ಮಗಳು ಹೇಳ್ದಂ‌ಗ ಹಣ್ಣು ಕುದಿಸಿ, ನೀರು ಚೆಲ್ಲೇ ಕೊಟ್ಟೀನಿ" ಎಂದು ಸಮಾಧಾನದಿಂದ ಹೇಳಿದರು. ತಾಯಿಯ ಕೈಯಲ್ಲಿ ಉಳಿದದ್ದು ಆ ಒಂದು ಸಮಾಧಾನ. ಅದನ್ನೂ ಕಿತ್ತುಕೊಳ್ಳುವುದು ಹೇಗೆ?

ಕಿತ್ತುಕೊಳ್ಳಲಿಲ್ಲ. "ಅಪ್ಪನ ಹೃದಯ ಸೋತಿತ್ತವ್ವ" ಎಂದು ಹೇಳಿ ಬಾಯಿ ಮುಚ್ಚಿದರು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರ ಪಾಡು, ಉಗುಳುವಂತಿಲ್ಲ ನುಂಗುವಂತಿಲ್ಲ. ಕೇಂದ್ರದಲ್ಲೂ ಹಣ್ಣು ಕುದಿಸಬೇಡಿ ಎಂದು ಬಿಡಿಸಿ ಹೇಳುವ ಧೈರ್ಯ ಬರಲಿಲ್ಲ. ಕಮಲಾಪುರದಿಂದ ನಾಲ್ಕಾರು ಮಂದಿ ಡಯಾಲಿಸಿಸ್‌ಗೆ ಬರುತ್ತಾರೆ. ಇಲ್ಲಿ ಆಡಿದ ಮಾತು ಸಂಜೆಯ ಬಸ್ಸು ಹತ್ತಿ ಊರಿಗೆ ಹೋಗುತ್ತದೆ, ಊರಲ್ಲಿ ಶಿವಕಾಂತಮ್ಮನ ಅಂಗಳ ಮುಟ್ಟುತ್ತದೆ. "ಹಣ್ಣು ಬ್ಯಾಡ" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಹೀಗೇ ತಿಂಗಳುಗಳು ಕಳೆದವು.

ಈ ಕೆಲಸದಲ್ಲಿ ಗೆಲುವು ಎಂಬುದು ಮೊದಲೇ ಅಪರೂಪ. ದಿನಕ್ಕೆ ಮೂರು ಪಾಳಿ, ಇಪ್ಪತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ಯಾರಿಗೂ ಹೊಸ ಕಿಡ್ನಿ ಸಿಗುವ ಲಕ್ಷಣ ಸದ್ಯಕ್ಕಿಲ್ಲ. ಹೊರಗೆ ಕಾಯುತ್ತಿರುವವರಿಗೆ ಜಾಗ ಸಿಗಬೇಕಾದರೆ ಒಳಗಿನ ಮಂಚವೊಂದು ಖಾಲಿಯಾಗಬೇಕು, ಮಂಚ ಖಾಲಿಯಾಗುವುದು ಯಾರೋ ಗುಣವಾಗಿ ಮನೆಗೆ ಹೋದದ್ದರಿಂದಲ್ಲ. "ಹೊಸ ಪೇಷಂಟ್ ಬಂದು ಕೈ ಮುಗದಾಗ ನನಗ ಹಳೇಬರ ಮುಖ ಕಾಣ್ತದ" ಎನ್ನುತ್ತಾರೆ ಸುಜಾತಾ. ಹೇಳುವಾಗ ಅಳುವುದಿಲ್ಲ, ಹೇಳುತ್ತಲೇ ಇನ್ನೊಂದು ಕೊಳವೆಯ ಗುಳ್ಳೆ ತಟ್ಟುತ್ತಾರೆ.

ಹೋದ ತಿಂಗಳ ಒಂದು ಸೋಮವಾರ ಕಮಲಾಪುರದ ಹಲೀಮಾ ಬಂದರು. ಬಳೆ ಮಾರುವವರು, ಊರಿನ ಅರ್ಧ ಹೆಂಗಸರ ಕೈ ಅಳತೆ ಬಾಯಿಪಾಠ ಇರುವವರು. ಯಾವಾಗಲೂ ಪಟಪಟ ಮಾತಾಡುವ ಹಲೀಮಾ ಅಂದು ಮಗಳು ಆಸ್ಫಿಯಾಳ ಹೆಗಲಿಗೆ ಜೋತುಬಿದ್ದು ಒಳಗೆ ಬಂದರು. "ಬೇಟಿ, ಪಾಂವ್ ಉಠತಾ ನಹೀ, ಕಾಲು ಏಳವಲ್ವು" ಎಂದರು. ಸುಜಾತಾ ತೂಕದ ಯಂತ್ರವನ್ನೂ ನೋಡಲಿಲ್ಲ, ಎತ್ತಿ ಮಂಚಕ್ಕೆ ಹಾಕಿ ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿದರು. ಕಾಗದದ ಮೇಲೆ ಅಲೆಗಳು ಚೂಪಾಗಿ ಎದ್ದಿದ್ದವು. ತಂದೆಗೆ ಬಸ್ಸಿನಲ್ಲಿ ಆದದ್ದೇ ಇವರಿಗೂ ಆಗುತ್ತಿತ್ತು.

ಕೇಂದ್ರದ ವೈದ್ಯ ಡಾ. ಅಜಿತ ಓಡಿ ಬಂದರು. ಮೊದಲು ಕ್ಯಾಲ್ಸಿಯಂ, ಎದೆಬಡಿತ ತಪ್ಪದಿರಲೆಂದು. ಆಮೇಲೆ ಇನ್ಸುಲಿನ್, ಜೊತೆಗೆ ಗ್ಲೂಕೋಸ್. ಹಲೀಮಾ ಅವರಿಗೆ ಸಕ್ಕರೆ ಕಾಯಿಲೆಯಿಲ್ಲ, ಇನ್ಸುಲಿನ್ ಯಾಕೆ ಎಂದು ನೋಡುವವರಿಗೆ ಅನ್ನಿಸಬೇಕು. ಇನ್ಸುಲಿನ್ ಆ ಪುಟ್ಟ ಪಂಪುಗಳಿಗೆ ಚುರುಕು ಮುಟ್ಟಿಸುತ್ತದೆ. ಅವು ಎದ್ದು ರಕ್ತದಲ್ಲಿನ ಪೊಟ್ಯಾಸಿಯಂ ಅನ್ನು ಕೋಶಗಳ ಒಳಗೆ ಎಳೆದುಕೊಳ್ಳತೊಡಗುತ್ತವೆ. ಮೈಯಿಂದ ಅದು ಹೊರಹೋಗುವುದಿಲ್ಲ, ಒಳಗೆ ಅಡಗಿ ಕೂರುತ್ತದೆ ಅಷ್ಟೇ. ಅಷ್ಟರೊಳಗೆ ಯಂತ್ರ ಹಚ್ಚಿ ಎಳೆದು ಹಾಕಬೇಕು. ಸುಜಾತಾ ಒಂದೇ ಸಲಕ್ಕೆ ಸೂಜಿ ಚುಚ್ಚಿ ಯಂತ್ರ ಹಚ್ಚಿದರು. ಮನಸ್ಸಿನಲ್ಲಿ ಮಾತ್ರ ಕಣ್ಣಿಗೆ ಕಾಣದ ಆ ಪಂಪುಗಳನ್ನೇ ಬೇಡುತ್ತಿದ್ದರಂತೆ. "ಎಳಕೋರ್ಯಪ್ಪ, ಒಂದ್ ತಾಸು ಎಳಕೋರಿ, ಆಮ್ಯಾಲ ನಾ ಅದೀನಿ ಅಂತಿದ್ದೆ."

ಅಲೆಗಳು ತಗ್ಗಿದವು. ಹಲೀಮಾ ಕಣ್ಣು ಬಿಟ್ಟು ಮಗಳನ್ನು ಕೇಳಿದ ಮೇಲೆ ಸುಜಾತಾ ಹೊರಗಿನ ಬೆಂಚಿಗೆ ಬಂದರು. ಆಸ್ಫಿಯಾ ಬಾಗಿಲನ್ನೇ ನೋಡುತ್ತಾ ಕೂತಿದ್ದಳು.

"ನಿನ್ನಿ ಏನ್ ಕೊಟ್ಟಿ ಅಮ್ಮಿಗಿ?"

"ಕೆಂಪು ಬಾಳಿ, ಆಪಾ. ಕುದಿಸಿ ಕೊಟ್ಟೀನಿ. ನೀರು ಪೂರಾ ಚೆಲ್ಲೀನಿ, ಖುದಾ ಕಸಮ್."

"ಹಂಗ ಕೊಡು ಅಂತ ಯಾರು ಹೇಳಿದ್ರು?"

ಹುಡುಗಿ ತಲೆ ಎತ್ತಿ ನೋಡಿದಳು. "ನಿಮ್ಮ ಅವ್ವಾರೇ ಹೇಳಿದ್ರಲ್ಲ ಆಪಾ. ಪೀರಪ್ಪ ಚಾಚಾಗೂ ಕಡೀಕ ಹಂಗೇ ಕೊಟ್ಟಿದ್ರಂತ, ಆರಾಮ ತಿಂದ್ರಂತ."

ತಾಯಿಯನ್ನು ಉಳಿಸಲೆಂದು ಮುಚ್ಚಿಟ್ಟ ಮಾತು ಹೀಗೆ ಓಣಿ ಓಣಿ ತಿರುಗುತ್ತಿತ್ತು. ಶಿವಕಾಂತಮ್ಮ ತಮ್ಮ ಏಕೈಕ ಸಮಾಧಾನವನ್ನು ಪ್ರೀತಿಯಿಂದ ಊರಿಗೆ ಹಂಚುತ್ತಿದ್ದರು. ಅಯ್ಯೋ, ಮಾಡಿದ ಒಳ್ಳೆಯದು ಹೀಗೂ ತಿರುಗಿ ಕಚ್ಚುವುದೇ! ಅಂದು ಸುಜಾತಾ ಮೂರನೇ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಬೇಗ ಊರಿಗೆ ಹೊರಟರು. ಬಸ್ಸಿನಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಮನೆಯ ಹೊಸ್ತಿಲಲ್ಲಿ ಮರೆತುಹೋಯಿತು. ಶಿವಕಾಂತಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು.

"ಯವ್ವಾ, ಅಪ್ಪ ಆ ಹಣ್ಣು ತಿಂದೇ ಹೋಗ್ಯಾನ" ಎಂದರು ಸುಜಾತಾ. "ಇವತ್ತು ಹಲೀಮಾ ಖಾಲಾನೂ ಹೋಗ್ತಿದ್ದಳು."

ಶಿವಕಾಂತಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದರು. ನೀರು ಸವರಿದರು. ತಿರುವಿ ಹಾಕಿದರು.

"ನಾ ನೀರು ಚೆಲ್ಲಿದ್ದೆನಲ್ಲ" ಎಂದರು.

"ಹೌದವ್ವ."

"ಪೂರಾ ಚೆಲ್ಲಿದ್ದೆ."

"ಚೆಲ್ಲಿದ್ರೂ ಹೋಗಂಗಿಲ್ಲವ್ವ ಅದು. ತಪ್ಪು ನಂದು, ನಾನು ಬಿಡಿಸಿ ಹೇಳ್ಲಿಲ್ಲ."

ಶಿವಕಾಂತಮ್ಮ ಉಳಿದ ಹಿಟ್ಟನ್ನೆಲ್ಲ ಬಡಿದು ಮುಗಿಸಿ, ಮಗಳ ತಾಟಿಗೆ ಪಲ್ಯ ಹಾಕಿ, ತಾವು ಉಣ್ಣದೆ ಮಲಗಿದರು. ಬೆಳಿಗ್ಗೆ ಸುಜಾತಾ ಏಳುವಾಗ ತಾಯಿಯ ಹಾಸಿಗೆ ಖಾಲಿ. ತೋಟದ ಬಾವಿಯ ಕಡೆಗೆ ಬರಿಗಾಲಲ್ಲಿ ಓಡಿದರು, ಅಲ್ಲಿ ಯಾರೂ ಇಲ್ಲ. ತಿರುಗಿ ಬರುವಾಗ ಹಲೀಮಾ ಅವರ ಮನೆ ಬಾಗಿಲಲ್ಲಿ ಶಿವಕಾಂತಮ್ಮ ನಿಂತಿದ್ದು ಕಂಡಿತು. ಆಸ್ಫಿಯಾಳ ಎರಡೂ ಕೈ ಹಿಡಿದುಕೊಂಡು ಹೇಳುತ್ತಿದ್ದರು. "ನನ್ನ ಮಾತು ಕೇಳಬ್ಯಾಡ ತಾಯಿ. ನಾ ಹಂಗೇ ಮಾಡಿ ನಮ್ಮ ಮನಿಯವರನ್ನ ಕೊಂದೀನಿ."

ಅಂದಿನಿಂದ ಅವರು ಸುಮ್ಮನೆ ಕೂತಿಲ್ಲ. ಕಮಲಾಪುರದಲ್ಲಿ ಕಿಡ್ನಿ ಕಾಯಿಲೆಯವರು ಇರುವ ಪ್ರತಿ ಮನೆಗೂ ಹೋಗಿ, ಹೊಸ್ತಿಲ ಹೊರಗೇ ನಿಂತು ಇದೇ ಮಾತು ಹೇಳಿ ಬರುತ್ತಾರೆ. ಒಳಗೆ ಕರೆದರೂ ಹೋಗುವುದಿಲ್ಲ. ಸೋಮವಾರಗಳಂದು ಮಗಳ ಜೊತೆ ಬಸ್ಸು ಹತ್ತಿ ಬಂದು ಕೇಂದ್ರದ ಬೆಂಚಿನ ಮೇಲೆ ಕೂರುತ್ತಾರೆ, ಹೊಸಬರ ಹೆಂಡಂದಿರು, ತಾಯಂದಿರು ಬಂದರೆ ಹತ್ತಿರ ಕರೆಯುತ್ತಾರೆ. ಕೊಂದೆ ಎನ್ನಬೇಡವ್ವ, ಬೇರೆ ಮಾತಿನಲ್ಲಿ ಹೇಳು ಎಂದು ಮಗಳು ಎಷ್ಟು ಅಂಗಲಾಚಿದರೂ ಆ ಮಾತು ಬಿಡುವುದಿಲ್ಲ. ಇದನ್ನು ಬರೆಯಬಹುದೇ ಎಂದು ಅಳುಕುತ್ತಲೇ ಕೇಳಿದರೆ, ಶಿವಕಾಂತಮ್ಮ ಸೆರಗು ಸರಿಮಾಡಿಕೊಂಡು ನೇರ ನೋಡಿದರು. "ಬರೀರಿ. ಹೆಸರು ಹಾಕಿ ಬರೀರಿ. ಹೆಸರಿಲ್ಲದ ಮಾತು ಯಾರು ನಂಬ್ತಾರ?"

ಹಲೀಮಾ ಈಗಲೂ ವಾರಕ್ಕೆ ಮೂರು ಸಲ ಬರುತ್ತಾರೆ. ಸೋಮವಾರ ಬಂದಾಗಲೆಲ್ಲ ಶಿವಕಾಂತಮ್ಮನ ಪಕ್ಕ ಸ್ವಲ್ಪ ಹೊತ್ತು ಕೂರುತ್ತಾರೆ. ಒಂದು ಸಲ ಹಸಿರು ಬಳೆ ತಂದು ತೊಡಿಸಲು ಹೋದರಂತೆ, ಶಿವಕಾಂತಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಹಲೀಮಾ ಉಳಿದದ್ದು ತಾಯಿಗೂ ಮಗಳಿಗೂ ನೆಮ್ಮದಿ ಕೊಟ್ಟಿದೆ ಎಂದು ಬರೆದರೆ ಓದುಗರಿಗೆ ಹಿತವಾದೀತು. ಆದರೆ ಅದು ಸುಳ್ಳಾಗುತ್ತದೆ. ಉಳಿದವರನ್ನು ನೋಡಿದಾಗಲೆಲ್ಲ ಹೋದವರ ಲೆಕ್ಕವೇ ಕಣ್ಣಿಗೆ ಬರುತ್ತದೆ, ಅದೂ ಇಷ್ಟು ಸುಲಭದಲ್ಲಿ ಉಳಿಯಬಹುದಿತ್ತು ಎಂದು ಗೊತ್ತಾದಾಗ.

ಎರಡನೇ ಪಾಳಿಯ ರಕ್ತ ಯಂತ್ರಗಳಲ್ಲಿ ತಿರುಗತೊಡಗಿದೆ. ಸುಜಾತಾ ಗೋಡೆಗೊರಗಿ ಡಬ್ಬಿ ಬಿಚ್ಚುತ್ತಾರೆ. ತಾಯಿ ಕಟ್ಟಿ ಕೊಟ್ಟ ರೊಟ್ಟಿ, ಮೇಲೆ ಶೇಂಗಾ ಹಿಂಡಿ. ಇಂಥ ಬರಹದ ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಇವರಿಗೂ ಕೇಳಬೇಕಲ್ಲ, ನಿಮಗೇನು ಆಸೆ ಎಂದು. ಹೊಸ ಯಂತ್ರ ಬೇಕೆನ್ನಬಹುದು, ಕಮಲಾಪುರದಲ್ಲೇ ಒಂದು ಕೇಂದ್ರವಾಗಲಿ ಎನ್ನಬಹುದು. ಅವರು ರೊಟ್ಟಿ ಮುರಿಯುತ್ತಾ ತಾಯಿ ಕೂತಿರುವ ಹೊರಗಿನ ಬೆಂಚಿನ ಕಡೆಗೇ ನೋಡುತ್ತಾರೆ.

"ಅವ್ವ ಊರಿಗೆಲ್ಲ ತನ್ನ ತಪ್ಪು ಹೇಳ್ಕೋತ ಅಡ್ಡಾಡ್ತಾಳ್ರಿ. ನನ್ನ ಮುಂದ ಮಾತ್ರ ಒಂದ್ ಮಾತು ಇಲ್ಲ. ಮುಂಜಾನೆ ರೊಟ್ಟಿ ಕಟ್ಟತಾಳ, ಸಂಜೀಕ ನೀರು ಕಾಸ್ತಾಳ. ಕಲಿಸಿದಾಕಿ ನಾನಲ್ಲೇನು? ಒಮ್ಮೆ ಬೈಲಿ ಅಂತ ಕಾಯಾಕತ್ತೀನಿ. ಒಂದೇ ಒಂದು ಸಲ, ಬಾಯಿ ತುಂಬ ಬೈದ್ರ ಸಾಕ್ರಿ."